ಒಂದು ವರ್ಷ ತಡವಾಗಿ ಓಡಿದ ಕಾರುಗಳು

ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿದ್ದವರು ವರ್ಷದಲ್ಲಿ ಹದಿನೈದು ಹದಿನಾರು ಭಾನುವಾರ ಮಾತ್ರ ಜೋರಾಗಿ ಮಾತಾಡುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಇದ್ದಾರೆಂದು ತಿಳಿಯುತ್ತಿದ್ದದ್ದು ಬಾಗಿಲ ಚಿಲಕದ ಸದ್ದಿನಿಂದ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಮಕ್ಕಳೇ, ಹೋದ ತಿಂಗಳು ನೀವು ಟಿ.ವಿ.ಯಲ್ಲಿ ಕಾರಿನ ರೇಸು ನೋಡುವಾಗ ನಾನು ಹಿಂದೆ ನಿಂತು, “ಆ ಎರಡನೆಯ ಕಾರಿನ ಟೈರು ಸವೆದಿದೆ, ಅವನು ಹಿಂದೆ ಬೀಳುತ್ತಾನೆ ನೋಡಿ” ಎಂದೆ. ಅವನು ಬಿದ್ದ. ನೀವಿಬ್ಬರೂ ತಿರುಗಿ, “ಆಜಿ, ತುಲಾ ಕಸಂ ಮಾಹೀತ್?” ಎಂದು ಕೇಳಿದಿರಿ. ನಾನು ನಕ್ಕು ಅಡಿಗೆಮನೆಗೆ ಹೋದೆ. ನನಗೆ ಹೇಗೆ ಗೊತ್ತು ಎಂಬುದನ್ನು ಬಾಯಲ್ಲಿ ಹೇಳುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ. ಬರೆಯುತ್ತೇನೆ. ನಿಮ್ಮ ಅವ್ವ ಓದಿ ಹೇಳಲಿ.

ಆಗ ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿಯ ಕಾರ್ಖಾನೆಗಳ ಹಿಂಬದಿಯಲ್ಲಿದ್ದೆವು. ನಿಮ್ಮ ಅಜ್ಜನಿಗೆ ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಚಾಳಿನ ಮುಂದಿನ ನಾಲೆಯ ನೀರು ಒಂದು ದಿನ ನೇರಳೆ, ಒಂದು ದಿನ ಹಳದಿ. ನಾನು ವಿಜಾಪುರದ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆತ್ತೆಯ ತನಕ ಓದಿ ಬಂದವಳು. ಮರಾಠಿ ಬಾರದು, ಹಿಂದಿ ಬಾರದು, ನಲ್ಲಿಯ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ‘ನನ್ನ ಪಾಳಿ’ ಎನ್ನಲೂ ಬಾರದು. ಬಂದು ಎರಡು ವರ್ಷವಾದರೂ ನಾನು ಮೂಕಿಯೋ ಏನೋ ಎಂದು ಪಕ್ಕದ ಖೋಲಿಯ ಕಾಕೂ ಅಂದುಕೊಂಡಿದ್ದಳಂತೆ.

ಕೊನೆಯ ಖೋಲಿಯವರು ಉಡುಪಿಯ ಕಡೆಯವರು. ಮದುವೆಯಾಗಿರಲಿಲ್ಲ. ಹುಡುಗನಾಗಿದ್ದಾಗ ಮುಂಬಯಿಯ ಬಂದರಿನ ಹತ್ತಿರದ ಒಂದು ಹೋಟೆಲಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಎಂಐಡಿಸಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ‘ಅಣ್ಣಾರ’ ಎನ್ನುತ್ತಿದ್ದೆ. ಅವರು ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು. ಅವರ ಖೋಲಿಯಲ್ಲಿ ಒಂದು ಮಂಚ, ಒಂದು ಲೋಟ, ಒಂದು ತಟ್ಟೆ, ಗೋಡೆಯುದ್ದಕ್ಕೂ ಸುತಲಿಯಿಂದ ಕಟ್ಟಿಟ್ಟ ಇಂಗ್ಲಿಷ್ ಪತ್ರಿಕೆಗಳು. ಎಲ್ಲವೂ ಮುಖ ಕೆಳಗಾಗಿ.

ಆ ಪತ್ರಿಕೆಗಳು ಕಾರಿನ ರೇಸಿನವು. ಹೋಟೆಲಿನಲ್ಲಿದ್ದಾಗ ಒಬ್ಬ ಹಡಗಿನವನು ಮೇಜಿನ ಮೇಲೆ ಬಿಟ್ಟುಹೋದ ಪತ್ರಿಕೆಯಿಂದ ಅವರಿಗೆ ಆ ಗೀಳು ಹಿಡಿದದ್ದಂತೆ. ಈಗ ಸ್ಟೇಷನ್ನಿನ ಹತ್ತಿರದ ರದ್ದಿಯಂಗಡಿಯವನು ಮುಂಬಯಿಯಿಂದ ಬರುವ ವಿದೇಶಿ ರದ್ದಿಯಲ್ಲಿ ಇವರದ್ದನ್ನು ಆರಿಸಿ ಇಡುತ್ತಿದ್ದ. ವಾರಪತ್ರಿಕೆ ಅದು, ಆದರೆ ಇಲ್ಲಿಗೆ ಬರುವಾಗ ಆರು ತಿಂಗಳು, ಎಂಟು ತಿಂಗಳು, ಅದೂ ಹಿಂದುಮುಂದಾಗಿ. ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಒಂದು ವರ್ಷ ಕಾದರೆ ಎಲ್ಲ ಸಂಚಿಕೆಗಳೂ ಕೂಡುತ್ತವೆ. ಹೋದ ವರ್ಷ ಮೇ ತಿಂಗಳ ಯಾವ ಭಾನುವಾರ ಆ ರೇಸು ನಡೆದಿತ್ತೋ, ಈ ವರ್ಷ ಅದೇ ಭಾನುವಾರ ಆ ಸಂಚಿಕೆ ಬಿಚ್ಚುವುದು. ಅಲ್ಲಿಯ ತನಕ ಯಾರು ಗೆದ್ದರೆಂದು ತಿಳಿಯಬಾರದು.

ತಿಳಿಯದ ಹಾಗೆ ಇರುವುದು ಸುಲಭವಲ್ಲ. ಎಲ್ಲಿಗಾದರೂ ಲೋಕಲ್ ರೈಲಿನಲ್ಲಿ ಹೋಗುವಾಗ ಅವರು ಪೇಪರು ಓದುವವರ ಕಡೆಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಯಾರದಾದರೂ ಖೋಲಿಯ ರೇಡಿಯೋದಲ್ಲಿ ಆಟದ ಸುದ್ದಿ ಶುರುವಾದರೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಜೋರಾಗಿ ಕೆಮ್ಮುತ್ತಾ ದಾಟುತ್ತಿದ್ದರು. ರದ್ದಿಯವನು ಅವರ ಮಾತಿನಂತೆ ಮುಖಪುಟ ಹರಿದು ಕೊಡುತ್ತಿದ್ದ.

ನಿಮ್ಮ ಅಜ್ಜ ನಗುತ್ತಿದ್ದರು. “ಓಡಿ ಮುಗದ ಕಾರ ಇವತ್ತ ಓಡಸ್ತಾನ ನೋಡ ನಮ್ಮ ಸಾಹೇಬ. ಪೆಟ್ರೋಲ್ ಖರ್ಚಿಲ್ಲ, ಏನಿಲ್ಲ.”

ಒಂದು ಭಾನುವಾರ ನಾನು ಗ್ಯಾಲರಿಯಲ್ಲಿ ಕೂತು ರೇಷನ್ ಅಕ್ಕಿ ಆರಿಸುತ್ತಿದ್ದೆ. ಅವರು ಬಂದು ಎದುರು ನಿಂತರು.

“ಅಕ್ಕ, ನಿಮಗೆ ಇಂಗ್ಲಿಷ್ ಬರ್ತದಾ?”

ನನಗೆ ನಾಚಿಕೆಯಾಯಿತು. “ಇಲ್ರಿ ಅಣ್ಣಾರ. ಅಂಕಿ ಅಷ್ಟ ಬರ್ತಾವ.”

“ಒಂದಕ್ಷರವೂ ಬರುವುದಿಲ್ವಾ?”

“ಇಲ್ರಿ.”

“ಒಳ್ಳೇದೇ ಆಯ್ತು ಮಾರಾಯ್ರೆ!” ಎಂದರು.

ನನಗೆ ಇಂಗ್ಲಿಷ್ ಬಾರದ್ದಕ್ಕೆ ಸಂತೋಷಪಟ್ಟವರು ಲೋಕದಲ್ಲಿ ಅವರೊಬ್ಬರೇ.

ಅವರಿಗೆ ಬೇಕಾಗಿದ್ದದ್ದು ಸುತ್ತು ಕರೆಯುವವರು. ಪ್ರತಿ ರೇಸಿನ ಬರಹದ ಕೊನೆಗೆ ಒಂದು ಪಟ್ಟಿ ಇರುತ್ತಿತ್ತು, ಪಂಚಾಂಗದ ಪುಟದಂತೆ ಬರೀ ಅಂಕಿ. ಒಂದೊಂದು ಸುತ್ತಿಗೆ ಒಂದೊಂದು ಕಂಬಸಾಲು. ಆ ಸುತ್ತಿನಲ್ಲಿ ಯಾವ ನಂಬರಿನ ಕಾರು ಮೊದಲು, ಯಾವುದು ಎರಡನೆಯದು ಎಂದು ಮೇಲಿಂದ ಕೆಳಗೆ. ಅವರೇ ಓದಿದರೆ ಕಣ್ಣು ತಾನಾಗಿ ಕೊನೆಯ ಸಾಲಿಗೆ ಜಾರುತ್ತದೆ, ಪಕ್ಕದ ಬರಹದಲ್ಲಿ ಗೆದ್ದವನ ಹೆಸರು ಕಂಡುಬಿಡುತ್ತದೆ. ಇಂಗ್ಲಿಷ್ ಬಲ್ಲವರು ಓದಿದರೆ ಬಾಯಿಬಿಡುತ್ತಾರೆ. ನನ್ನಂಥವಳಾದರೆ ಚಿಂತೆಯಿಲ್ಲ.

ಅವರು ಸೀಮೆಸುಣ್ಣದಿಂದ ಗ್ಯಾಲರಿಯ ನೆಲದ ಮೇಲೆ ಓಟದ ದಾರಿ ಬರೆದರು. ಸಮುದ್ರದ ಪಕ್ಕದ ಊರಿನದ್ದು, ಅಂಕುಡೊಂಕು. ಆರು ಹುಣಸೆಬೀಜ ಇಟ್ಟರು. ನಾನು ಒಂದೊಂದು ಸುತ್ತಿನ ಮೊದಲ ಆರು ನಂಬರು ಕರೆಯುವುದು, ಅವರು ಬೀಜ ಸರಿಸುವುದು. ಮೊದಲ ಹತ್ತು ಸುತ್ತು ನನ್ನ ದನಿ ನನಗೇ ಕೇಳಲಿಲ್ಲ.

“ಜೋರಾಗಿ ಹೇಳಿ ಅಕ್ಕ. ಎಂಜಿನ್ ಸದ್ದು ಉಂಟಲ್ಲ, ಕೇಳುವುದಿಲ್ಲ.”

ನಾನು ನಕ್ಕೆ. ಆಮೇಲೆ ಜೋರಾಗಿ ಕರೆದೆ. ಕಾಕೂ ಹೊರಗೆ ಬಂದು ಬಾಯಿಯ ಮೇಲೆ ಕೈಯಿಟ್ಟು ನಿಂತಳು. ಮೂಕಿಗೆ ಮಾತು ಬಂದಿತ್ತು. ಅಂದಿನಿಂದ ಅವಳು ನನ್ನನ್ನು ಕಂಡಾಗಲೆಲ್ಲ, “ಆಜ್ ಗಾಡಿ ಕಹಾಂ ತಕ್ ಆಯಾ?” ಎಂದು, ಇವತ್ತು ಗಾಡಿ ಎಲ್ಲಿಯ ತನಕ ಬಂತೆಂದು ಕೇಳಿ ಕಾಡುತ್ತಿದ್ದಳು.

ರೇಸು ಮುಗಿದ ಮೇಲೆ ಚಿತ್ರ ತೋರಿಸಿ, ಟೈರು ಸವೆದರೆ ಕಾರು ಹೇಗೆ ಹಿಂದೆ ಬೀಳುತ್ತದೆಂದು ವಿವರಿಸಿದರು. ಆ ಕಾರುಗಳ ಚಕ್ರ ಮೈಯೊಳಗೆ ಇರಲಿಲ್ಲ, ನಾಲ್ಕೂ ಹೊರಗೆ ಚಾಚಿಕೊಂಡಿದ್ದವು. ಮೇಲೆ ಮುಚ್ಚಳವಿಲ್ಲ. ನಡುವೆ ಒಂದೇ ತಲೆ.

“ಒಬ್ಬನ ಕುಂಡ್ರತಾನೇನ್ರಿ? ಹೇಣ್ತಿ ಮಕ್ಕಳನ್ನ ಎಲ್ಲಿ ಕುಂಡರಸ್ತಾನ?”

ಅವರು ಬಹಳ ಹೊತ್ತು ನಕ್ಕರು. ಕಣ್ಣು ಒರೆಸಿಕೊಂಡು, “ಒಬ್ಬನೇ ಕೂರುವುದಲ್ವಾ, ಅದಕ್ಕೇ ನನಗೆ ಇದು ಹಿಡಿಸಿದ್ದು” ಎಂದರು.

ಅವರು ಮೆಚ್ಚಿದ್ದು ಮೂವತ್ತೊಂದನೆಯ ನಂಬರಿನ ಕಾರನ್ನು. ಅದನ್ನು ಓಡಿಸುವವನ ಹೆಲ್ಮೆಟ್ಟು ಹಸಿರು. ಅವನು ಒಮ್ಮೆಯೂ ಗೆದ್ದವನಲ್ಲ. ನಾಲ್ಕನೆಯವನು, ಐದನೆಯವನು, ಹೆಚ್ಚೆಂದರೆ ಮೂರನೆಯವನು. ಗೆದ್ದವನಿಗೆ ಒಂಬತ್ತು ಪಾಯಿಂಟ್, ಎರಡನೆಯವನಿಗೆ ಆರು, ಹೀಗೆ ಇಳಿಯುತ್ತಾ ಆರನೆಯವನಿಗೆ ಒಂದು. ಮೂವತ್ತೊಂದರ ಎರಡು, ಮೂರು ಪಾಯಿಂಟುಗಳನ್ನು ಅವರು ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದರು. “ಗೆಲ್ಲುವವನನ್ನು ನೋಡ್ಲಿಕ್ಕೆ ಲೋಕವೇ ಉಂಟು. ಐದನೆಯವನನ್ನು ಯಾರಾದರೂ ನೋಡ್ಬೇಕಲ್ಲ” ಎನ್ನುತ್ತಿದ್ದರು.

ಅವರು ನನಗೆ ಹಾಕಿದ ಕಟ್ಟಳೆ ಒಂದೇ. ಅಕಸ್ಮಾತ್ ಎಲ್ಲಿಯಾದರೂ ಏನಾದರೂ ಕಂಡರೂ ಹೇಳಬಾರದು.

ನಾನು ಸುತ್ತು ಕರೆಯತೊಡಗಿದ ಮೂರನೆಯ ವರ್ಷದ ಜೂನ್. ಶಾಲೆ ಶುರುವಾಗುವ ವಾರ. ನಿಮ್ಮ ಅವ್ವನಿಗೆ ಆಗ ಮೂರನೆತ್ತೆ. ಪುಸ್ತಕಗಳಿಗೆ ಹೊದಿಕೆ ಹಾಕಲು ನಾವೆಲ್ಲ ಅದೇ ರದ್ದಿಯಂಗಡಿಯಿಂದ ವಿದೇಶಿ ಪತ್ರಿಕೆಗಳ ನುಣುಪು ಕಾಗದ ತರುತ್ತಿದ್ದೆವು. ಮಳೆಯಲ್ಲಿ ಬೇಗ ನೆನೆಯುವುದಿಲ್ಲ, ಹರಿಯುವುದಿಲ್ಲ. ನೆಲದ ಮೇಲೆ ಹಾಳೆಗಳನ್ನು ಹರಡಿ ಒಂದೊಂದಾಗಿ ಮಡಿಸುತ್ತಿದ್ದೆ. ಗಣಿತದ ಪುಸ್ತಕಕ್ಕೆಂದು ಎತ್ತಿಕೊಂಡ ಹಾಳೆಯಲ್ಲಿ ಹಸಿರು ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಹುಡುಗ ನಿಂತಿದ್ದ. ಅವನ ಮುಖ ನಾನು ನೋಡಿದ್ದು ಅದೇ ಮೊದಲು. ಚಿತ್ರದ ಸುತ್ತ ಕಪ್ಪು ಗೆರೆ. ಕೆಳಗೆ ಹೆಸರು. ಹೆಸರಿನ ಕೆಳಗೆ ಎರಡು ಇಸವಿ, ನಡುವೆ ಒಂದು ಅಡ್ಡಗೆರೆ.

ನಮ್ಮೂರ ಶಾಲೆಯ ಗೋಡೆಯ ಮೇಲೆ ತೀರಿಹೋದ ದೊಡ್ಡವರ ಚಿತ್ರಗಳ ಕೆಳಗೆ ಹೀಗೇ ಎರಡು ಇಸವಿ ಇರುತ್ತಿದ್ದವು. ಇಂಗ್ಲಿಷ್ ಬೇಕಾಗಲಿಲ್ಲ. ಎರಡನೆಯ ಇಸವಿ ಹೋದ ವರ್ಷದ್ದು. ಕಳೆದು ನೋಡಿದೆ. ಇಪ್ಪತ್ತೊಂಬತ್ತು ವರ್ಷ ಬದುಕಿದ್ದ.

ಅಣ್ಣಾರ ಲೆಕ್ಕದಲ್ಲಿ ಅವನಿನ್ನೂ ಓಡುತ್ತಿದ್ದ. ಹೋದ ಭಾನುವಾರ ತಾನೇ ನಾನು ಅವನನ್ನು ಐದನೆಯ ಜಾಗದಲ್ಲಿ ಕರೆದಿದ್ದೆ.

ಹಾಳೆಯನ್ನು ಟ್ರಂಕಿನ ತಳಕ್ಕೆ ಹಾಕಿ ನಿಮ್ಮ ಅಜ್ಜನನ್ನು ಕೇಳಿದೆ. “ಹೇಳಲೇನ್ರಿ?”

“ಸುಮ್ನ ಇರು” ಎಂದರು ಅವರು. “ಸತ್ತಾಂವ ಸತ್ತ, ಅವ ಎಲ್ಲಿ ಹೊಕ್ಕಾನ? ನಮ್ಮ ಸಾಹೇಬ ರೇಸಿನ ದಿನ ಅಷ್ಟ ನಗ್ತಾನ, ನಗಲಿ ಬಿಡು. ಮತ್ತ ಆಂವನ ಹೇಳ್ಯಾನಲ್ಲ, ಹೇಳಬ್ಯಾಡ್ರಿ ಅಂತ.”

ಅದು ನನಗೂ ಸರಿಯೆನ್ನಿಸಿತು. ನಿಜ ಹೇಳಬೇಕೆಂದರೆ ಅವರ ನಗುವಿನ ಚಿಂತೆಯಷ್ಟೇ ಅಲ್ಲ. ಹೇಳಿದರೆ ನನ್ನ ಭಾನುವಾರಗಳು ನಿಲ್ಲುತ್ತವೆ ಎಂಬ ಹೆದರಿಕೆಯಿತ್ತು. ಆ ಒಂದು ಗಂಟೆ ಬಿಟ್ಟರೆ ಆ ಊರಿನಲ್ಲಿ ನನ್ನ ದನಿ ಯಾರಿಗೂ ಬೇಕಾಗಿರಲಿಲ್ಲ.

ಅವನು ಯಾವ ರೇಸಿನಲ್ಲಿ ಸಾಯುತ್ತಾನೆಂದು ನನಗೆ ಗೊತ್ತಿರಲಿಲ್ಲ. ಆಮೇಲಿನ ಪ್ರತಿ ರೇಸಿನ ಭಾನುವಾರ ಕರೆಯಲು ಶುರುಮಾಡುವ ಮೊದಲು ಪಟ್ಟಿಯ ಬಲತುದಿಯಲ್ಲಿ ಕಣ್ಣಾಡಿಸುತ್ತಿದ್ದೆ. ಕೊನೆಯ ಸುತ್ತಿನಲ್ಲಿ ಮೂವತ್ತೊಂದು ಇದ್ದರೆ ಉಸಿರು ಬಿಡುತ್ತಿದ್ದೆ. ಜುಲೈಯಲ್ಲಿ ಒಮ್ಮೆ ಅರ್ಧದಲ್ಲೇ ಕಾಣೆಯಾದ. ಅವರು ಪತ್ರಿಕೆ ತೆಗೆದುಕೊಂಡು ಓದಿ, “ಥೂ! ಗೇರು ಮುರಿದದ್ದು. ನಡೆದುಕೊಂಡು ವಾಪಸ್ ಬಂದನಂತೆ” ಎಂದರು. ಅವರಿಗೆ ಬೇಸರ. ನಾನು ಒಳಗೆ ಹೋಗಿ ದೇವರಿಗೆ ಕೈಮುಗಿದೆ. ಒಂದು ವರ್ಷದ ಹಿಂದೆ ನಡೆದುಕೊಂಡು ಬಂದವನಿಗಾಗಿ.

ಆಗಸ್ಟಿನ ಆ ಭಾನುವಾರ ಕಾಡಿನ ನಡುವಿನ ದಾರಿ. ನೆಲದ ಮೇಲೆ ಉದ್ದಕ್ಕೆ ಬರೆದಿದ್ದರು. ಪಟ್ಟಿಯಲ್ಲಿ ಮೂವತ್ತೊಂದು ನಾಲ್ಕನೆಯದಾಗಿ ಶುರುವಾಗಿ ಇಪ್ಪತ್ತೆರಡನೆಯ ಸುತ್ತಿನ ತನಕ ನಾಲ್ಕನೆಯದೇ ಇತ್ತು. ಇಪ್ಪತ್ತಮೂರರಲ್ಲಿ ಆರರೊಳಗೂ ಇಲ್ಲ, ಕೆಳಗೂ ಇಲ್ಲ. ಈ ಸಲ ಪುಟದ ಅಂಚಿನಲ್ಲಿ ಚಿಕ್ಕ ಚಿತ್ರವೊಂದಿತ್ತು, ಮರಗಳ ಮೇಲೆ ಹೊಗೆ.

“ಹೇಳಿ ಅಕ್ಕ. ಇಪ್ಪತ್ತಮೂರು.”

ನಾನು ಕರೆದೆ. ಒಂದನೆಯದು, ಎರಡನೆಯದು, ಮೂರನೆಯದು ಹೇಳಿ, “ನಾಲ್ಕನೇದು ಮೂವತ್ತೊಂದು” ಎಂದು, ಪಟ್ಟಿಯಲ್ಲಿದ್ದ ಉಳಿದ ಮೂರನ್ನೂ ಓದಿದೆ. ಪತ್ರಿಕೆ ಕೊನೆಗೆ ಅವರ ಕೈಗೇ ಹೋಗುತ್ತದೆಂದು ನನಗೆ ಗೊತ್ತಿತ್ತು. ಆದರೂ ನಾಲಿಗೆ ಅವನನ್ನು ಬಿಡಲಿಲ್ಲ.

ಅವರು ಬೀಜ ಸರಿಸುತ್ತಾ, “ಏಳು ನಂಬರು ಕರೆದಿರಲ್ಲ?” ಎಂದರು.

“ತಪ್ಪಾತ್ರಿ” ಎಂದು ಕೊನೆಯದನ್ನು ಬಿಟ್ಟೆ.

ಇಪ್ಪತ್ತನಾಲ್ಕು, ಇಪ್ಪತ್ತೈದು. ಅವರು ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಬಗ್ಗಿದರು. ಉಳಿದ ಇಪ್ಪತ್ತು ಸುತ್ತೂ ನಾನು ಮೂವತ್ತೊಂದನ್ನು ಕರೆದೆ, ಅವರು ನಾಲ್ಕನೆಯ ಬೀಜವನ್ನು ಸರಿಸಿದರು. ಕೊನೆಯ ಸುತ್ತು ಮುಗಿಯಿತು. ಅವರು ಪತ್ರಿಕೆಗೆ ಕೈ ಚಾಚಲಿಲ್ಲ.

“ಎಷ್ಟನೇ ಸುತ್ತು ಅಕ್ಕ?”

“ಇಪ್ಪತ್ತಮೂರ್ರಿ.”

“ಸತ್ತನಾ?”

ನಾನು ಹೌದೆಂದು ತಲೆಯಾಡಿಸಿದೆ.

“ನಿಮಗೆ ಹೇಗೆ ಗೊತ್ತು? ಓದ್ಲಿಕ್ಕೆ ಬರುವುದಿಲ್ಲ ನಿಮಗೆ.”

ಎದ್ದುಹೋಗಿ ಟ್ರಂಕಿನ ತಳದಿಂದ ಹಾಳೆ ತಂದುಕೊಟ್ಟೆ. “ಪುಸ್ತಕಕ್ಕ ಹೊದಿಕಿ ಹಾಕುಮುಂದ ಸಿಕ್ತರಿ. ಜೂನ್‌ದಾಗ.”

ಅವರು ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅಂಗೈಯಿಂದ ಮಡಿಕೆ ಸವರಿದರು. “ಜೂನ್‌ನಿಂದ ನಾನು ಇವನಿಗೆ ಪಾಯಿಂಟ್ ಕೂಡಿಸುತ್ತಾ ಕೂತಿದ್ದೇನೆ. ನೀವು ಎದುರು ಕೂತು ನೋಡುತ್ತಾ ಇದ್ದಿರಿ.”

“ನೀವ ಹೇಳಬ್ಯಾಡ ಅಂದಿದ್ರಲ್ರಿ ಅಣ್ಣಾರ.”

“ಯಾರು ಗೆದ್ದ ಅಂತ ಹೇಳ್ಬೇಡಿ ಅಂದದ್ದು ಅಕ್ಕ. ಯಾರು ಸತ್ತ ಅಂತ ಅಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಬೀಜಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು, ಒದ್ದೆ ಬಟ್ಟೆ ತಂದು ನೆಲದ ಗೆರೆಯನ್ನು ಒರೆಸಿ, ಹೋಗಿ ಬಾಗಿಲು ಹಾಕಿಕೊಂಡರು.

ಆ ವರ್ಷದ ಉಳಿದ ರೇಸುಗಳನ್ನು ಅವರು ಒಳಗೇ ಓಡಿಸಿದರು. ಅವರ ಬಾಗಿಲ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ಅವರೇ ಮೆಲ್ಲಗೆ ನಂಬರು ಹೇಳಿಕೊಳ್ಳುವುದು ಕೇಳುತ್ತಿತ್ತು. ಮರುವರ್ಷ ಹೊಸ ರೇಸುಗಳು ಶುರುವಾದವು. ನನ್ನನ್ನು ಕರೆಯಲಿಲ್ಲ. ಎದುರು ಸಿಕ್ಕರೆ “ಊಟ ಆಯ್ತಾ ಅಕ್ಕ?” ಎನ್ನುತ್ತಿದ್ದರು, ನಾನು “ಆತ್ರಿ” ಎನ್ನುತ್ತಿದ್ದೆ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅವರ ಬಾಗಿಲ ತನಕ ಹೋಗಿ, ಹೊರಗಿದ್ದ ಅವರ ಚಪ್ಪಲಿ ನೋಡಿ ತಿರುಗಿ ಬಂದಿದ್ದೇನೆ. ಕಾಕೂ ಕೂಡ ಗಾಡಿಯ ಮಾತು ಎತ್ತುವುದನ್ನು ಬಿಟ್ಟಳು. ನಾನು ಮತ್ತೆ ಮೂಕಿಯಾದೆ.

ಅದಾಗಿ ಒಂದೂವರೆ ವರ್ಷಕ್ಕೆ ನಿಮ್ಮ ಅಜ್ಜ ತಮ್ಮನಿಗೆ ಹೆಣ್ಣು ನೋಡಲೆಂದು ಊರಿಗೆ ಹೋದರು. ಹೋಗಿ ಐದನೆಯ ದಿನ ಮಧ್ಯಾಹ್ನ ಟಪಾಲಿನವನು ತಂತಿ ತಂದ. ನಾನು ಹೊರಗೆ ಬಟ್ಟೆ ಒಣಗಿಸುತ್ತಿದ್ದೆ. ಅವನು ಎಂದಿನಂತೆ ಅದನ್ನು ಕೊನೆಯ ಖೋಲಿಗೆ ಒಯ್ದ. ಚಾಳಿನಲ್ಲಿ ಇಂಗ್ಲಿಷ್ ತಂತಿ ಓದಿ ಹೇಳುವವರು ಅವರೇ. ಅವತ್ತು ಅವರಿಗೆ ಎರಡನೆಯ ಪಾಳಿ, ಮನೆಯಲ್ಲಿದ್ದರು.

ಅವರು ನನ್ನ ಬಾಗಿಲಿಗೆ ಬರುವುದರೊಳಗೆ ಸುದ್ದಿ ನಾಲ್ಕು ಖೋಲಿ ದಾಟಿತ್ತು. ಕಾಕೂ ಒಳಗೆ ಬಂದು ನನ್ನ ಸೀರೆಗಳನ್ನು ಗಂಟು ಕಟ್ಟತೊಡಗಿದ್ದಳು. “ಕುಛ್ ನಹೀ ಹೋಗಾ. ಥೋಡಾ ಸೀರಿಯಸ್ ಹೈ, ಬಸ್. ಚಲ್, ಗಾಡಿ ಪಕಡನಾ ಹೈ.” ಏನೂ ಆಗುವುದಿಲ್ಲ, ಗಾಡಿ ಹಿಡಿಯಬೇಕು ಎನ್ನುತ್ತಿದ್ದಳು.

ಆಗಿನ ತಂತಿಗಳಲ್ಲಿ ಸಾವು ಎಂದು ಬರೆಯುತ್ತಿರಲಿಲ್ಲ. ಸೀರಿಯಸ್, ಕೂಡಲೇ ಹೊರಡಿ ಎಂದಷ್ಟೇ. ಓದಿದವರಿಗೆಲ್ಲ ಅರ್ಥವಾಗುತ್ತಿತ್ತು. ಯಾರಿಗಾಗಿ ಬಂತೋ ಅವರಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಊರು ಮುಟ್ಟುವ ತನಕ ಅವರು ಹರಕೆ ಹೊರುತ್ತಾ, ಔಷಧಿಯ ಮಾತಾಡುತ್ತಾ ಹೋಗುತ್ತಿದ್ದರು. ಅದೇ ದಯೆ ಎಂದು ಎಲ್ಲರೂ ತಿಳಿದಿದ್ದರು.

ಕೊನೆಯ ಖೋಲಿಯವರು ಬಂದು ಹೊಸ್ತಿಲ ಹೊರಗೆ ನಿಂತರು. ಕಾಕೂ ಕಣ್ಣಿನಲ್ಲೇ ಬೇಡವೆಂದಳು.

“ಅಕ್ಕ, ತಂತಿಯಲ್ಲಿ ನಿಮ್ಮ ಯಜಮಾನರಿಗೆ ಸೀರಿಯಸ್ ಅಂತ ಉಂಟು” ಎಂದರು. “ಆದರೆ ನನಗೆ ಅನ್ನಿಸುವುದು, ಅವರು ಹೋಗಿಬಿಟ್ಟಿದ್ದಾರೆ. ಖಾತ್ರಿ ಇಲ್ಲ. ಅನ್ನಿಸಿದ್ದನ್ನು ನಿಮ್ಮಿಂದ ಮುಚ್ಚಿಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

“ಅಕಲ್ ಹೈ ಕ್ಯಾ ತುಮ್‌ಕೋ!” ಎಂದು ಕಾಕೂ ಅವರ ಮೇಲೆ ಹರಿಹಾಯ್ದಳು.

ನಾನು ಅವಳಿಗಿಂತ ಜೋರಾಗಿ ಕೂಗಿದೆ. ನನ್ನ ಜನ್ಮದಲ್ಲಿ ಯಾರಿಗೂ ಆಡದ ಮಾತನ್ನು ಅವರಿಗೆ ಆಡಿದೆ. “ನಿಮ್ಮ ನಾಲಿಗಿ ಸೇದಿಹೋಗಲಿ” ಎಂದೆ. “ಹಿಂದು ಮುಂದು ಇಲ್ಲದವರಿಗೆ ಏನ ಗೊತ್ತ” ಎಂದೆ. ಅವರು ತಲೆ ತಗ್ಗಿಸಿ ನಿಂತಿದ್ದರು. ನಾನು ಕೂಗುವುದು ನಿಂತ ಮೇಲೆ ನಮ್ಮ ಟ್ರಂಕು ಹೊತ್ತುಕೊಂಡು ಕಲ್ಯಾಣ ಸ್ಟೇಷನ್ನಿಗೆ ಬಂದರು. ಟಿಕೇಟು ತೆಗೆದು, ಸೊಲ್ಲಾಪುರದ ಕಡೆಯ ಗಾಡಿಯಲ್ಲಿ ಜಾಗ ಹಿಡಿದು ನಮ್ಮನ್ನು ಕೂರಿಸಿದರು. ಗಾಡಿ ಹೊರಡುವ ತನಕ ಕಿಟಕಿಯ ಹೊರಗೆ ನಿಂತೇ ಇದ್ದರು.

ಮೂರು ತಿಂಗಳ ನಂತರ ನಾನು ಮಗಳೊಡನೆ ಡೊಂಬಿವಲಿಗೆ ಮರಳಿ ಬಂದಾಗ ಕೊನೆಯ ಖೋಲಿಯಲ್ಲಿ ಬೇರೆ ಸಂಸಾರ ಇತ್ತು. ವಿಠ್ಠಲವಾಡಿಯ ಕಡೆ ಹೋದರೆಂದು ಕಾಕೂ ಹೇಳಿದಳು. ನಾನು ಒಂದು ಶಾಲೆಯ ಅಡಿಗೆಮನೆಯಲ್ಲಿ ಕೆಲಸಕ್ಕೆ ಸೇರಿದೆ. ಮಾತಾಡಲೇಬೇಕಾಗಿದ್ದರಿಂದ ಮರಾಠಿ ಬಂತು.

ಅವರನ್ನು ಮತ್ತೆ ನೋಡಿದ್ದು ಒಂದೇ ಸಲ. ಏಳೆಂಟು ವರ್ಷ ಕಳೆದಿತ್ತು. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ. ಕೂದಲು ಪೂರಾ ಬೆಳ್ಳಗಾಗಿತ್ತು. ಅವರೇ ಗುರುತಿಸಿ ನಿಂತರು. ಹೇಗಿದ್ದೀರಿ ಎನ್ನಲಿಲ್ಲ, ಮಗಳು ಏನು ಓದುತ್ತಾಳೆ ಎನ್ನಲಿಲ್ಲ.

“ಅಕ್ಕ, ಅವತ್ತು ನಾನು ಹೇಳಿದ್ದು ತಪ್ಪಾಯ್ತಾ?”

ಅಷ್ಟು ವರ್ಷ ಆ ಮಾತನ್ನು ಹಿಡಿದುಕೊಂಡೇ ಇದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

“ಇಲ್ರಿ ಅಣ್ಣಾರ” ಎಂದೆ.

“ಹಾಗಾದರೆ ಸರಿ” ಎಂದರು. ಕೆಳಗೆ ಗಾಡಿ ಬಂತು. ಜನ ನುಗ್ಗಿದರು. ಅವರು ಒಂದು ಕಡೆಯ ಮೆಟ್ಟಿಲಿಗೆ ಹೋದರು, ನಾನು ಇನ್ನೊಂದು ಕಡೆಗೆ ತಳ್ಳಿಸಿಕೊಂಡು ಹೋದೆ. ಅವರು ಹೋದ ವರ್ಷ ತೀರಿಕೊಂಡರೆಂದು, ಅವರೊಡನೆ ಕೆಲಸ ಮಾಡಿದವರೊಬ್ಬರು ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಿ ಹೇಳಿದರು.

ಬರೀ ‘ಇಲ್ಲ’ ಎಂದದ್ದು ಸಾಲದು ಎಂದು ನನಗೆ ಸೇತುವೆ ಇಳಿಯುವಾಗಲೇ ಗೊತ್ತಿತ್ತು. ಹೇಳಬೇಕಾಗಿದ್ದದ್ದು ಇಷ್ಟು.

ಕಲ್ಯಾಣ ಬಿಟ್ಟ ಮೇಲೆ ಘಟ್ಟ ಹತ್ತುವ ತನಕ ನಾನು ನಿಮ್ಮನ್ನು ಬೈಯುತ್ತಲೇ ಇದ್ದೆ ಅಣ್ಣಾರ. ಆಮೇಲೆ ಅಳು ಬಂತು. ಗುರುತಿಲ್ಲದ ಜನರ ನಡುವೆ, ಸೆರಗು ಮುಚ್ಚಿಕೊಂಡು, ಸಾಕಾಗುವಷ್ಟು ಅತ್ತೆ. ಪುಣೆ ದಾಟಿದ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪ ಇನ್ನು ಬರುವುದಿಲ್ಲವೇನೋ ಎಂದು ನಾನೇ ಹೇಳಿದೆ. ಬೇರೆ ಯಾರ ಬಾಯಿಂದಲೂ ಅವಳು ಕೇಳಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಲು ಅಷ್ಟು ದೂರದ ದಾರಿ ಇತ್ತು. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ಇಬ್ಬರೂ ಮುಖ ತೊಳೆದುಕೊಂಡೆವು. ಅವಳು ಎರಡು ಇಡ್ಲಿ ತಿಂದಳು.

ಊರ ನಿಲ್ದಾಣದಲ್ಲಿ ಮೈದುನ ಬಂದು ನಿಂತಿದ್ದ. ನನ್ನ ಮುಖ ನೋಡಲಾಗದೆ ಟ್ರಂಕಿನ ಕಡೆ ನೋಡುತ್ತಾ, “ಅಣ್ಣಗ ಸ್ವಲ್ಪ ಆರಾಮಿಲ್ಲ ವೈನಿ, ಮಲಗ್ಯಾನ” ಎಂದ.

ಆ ಸುಳ್ಳನ್ನು ಅವನ ತಲೆಯ ಮೇಲಿಂದ ಇಳಿಸುವ ಶಕ್ತಿ ಅವತ್ತು ನನ್ನಲ್ಲಿತ್ತು, ಅಣ್ಣಾರ. ಮಗಳ ಕೈ ಹಿಡಿದುಕೊಂಡು, “ಗೊತ್ತೈತಿ ನನಗ, ನಡಿಯಪ್ಪ” ಎಂದೆ.